ಮನೆಯಲ್ಲೇ ಹಿರಿಯರ ಆರೈಕೆ: ನೋಡೋರು ಯಾರು, ಖರ್ಚು ಯಾರದು?

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು)



ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಮತ್ತು ತಾಂಡಾಗಳಿಗೆ ಸಂಘದ ಕೆಲಸಕ್ಕೆಂದು ಹೋದಾಗ ನಮ್ಮ ಕಣ್ಣಿಗೆ ಬೀಳುವುದು ಬೀಗ ಹಾಕಿದ ಮನೆಗಳು. ಬೀಗ ಹಾಕದ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕುಳಿತಿರುತ್ತಾಳೆ, ಪಕ್ಕದಲ್ಲಿ ಒಂದೆರಡು ಮೊಮ್ಮಕ್ಕಳು. "ಎಲ್ಲಾರೂ ಎಲ್ಲಿ ಹೋಗ್ಯಾರಬೇ?" ಎಂದರೆ, "ಬೆಂಗಳೂರಿಗೆ ದುಡಿಯಾಕ ಹೋಗ್ಯಾರ್ರಿ, ಯುಗಾದಿಗಿ ಬರ್ತಾರ" ಎನ್ನುತ್ತಾಳೆ. "ಮತ್ತ ನಿಮ್ಮನ್ನ ಯಾರು ನೋಡ್ಕೊಂತಾರ?" ಎಂದು ಕೇಳಿದರೆ ನಗುತ್ತಾಳೆ. "ನನ್ನ ಯಾರು ನೋಡ್ತಾರ್ರಿ, ನಾನೇ ಇವರನ್ನ ನೋಡಾಕತ್ತೀನಿ."

ಆಕೆ ಓಡಾಡಿಕೊಂಡು ಇರುವ ತನಕ ಈ ಮಾತು ನಡೆಯುತ್ತದೆ. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿಯುತ್ತದೆ, ಇಲ್ಲವೇ ಲಕ್ವ ಹೊಡೆಯುತ್ತದೆ. ಬೆಂಗಳೂರಿಗೆ ಫೋನು ಹೋಗುತ್ತದೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಎಂಟು-ಹತ್ತು ದಿನ ಇಟ್ಟುಕೊಂಡು ಡಾಕ್ಟರು ಹೇಳುತ್ತಾರೆ: "ಇನ್ನ ಮನೆಗೆ ಕರ್ಕೊಂಡು ಹೋಗ್ರಿ, ಚೆಂದಾಗಿ ನೋಡ್ಕೊಳ್ರಿ." ಡಾಕ್ಟರು ಹೇಳುವುದು ಸರಿಯೇ. ಆದರೆ ನೋಡಿಕೊಳ್ಳುವವರು ಯಾರು? ಎಷ್ಟು ದಿನ? ಅದರ ಖರ್ಚು ಯಾರದು? ಇದನ್ನು ಯಾರೂ ಹೇಳಿಕೊಡುವುದಿಲ್ಲ. ಈ ತಿಂಗಳ ಪಾಠ ಅಲ್ಲಿಂದ ಶುರು.

ಪುಕ್ಕಟೆ ಆರೈಕೆ ಅನ್ನೋದು ಇಲ್ಲ

"ಮನ್ಯಾಗ ಸೊಸಿ ಅದಾಳಲ್ರಿ, ಖರ್ಚೇನು?" ಎಂದು ಗಂಡಸರು ಸಭೆಯಲ್ಲಿ ಹೇಳುವುದುಂಟು. ನಾವು ಆಗ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇವೆ. ಆ ಸೊಸೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ತಿಂಗಳಿಗೆ ಇಪ್ಪತ್ತು ದಿನ ಹೋಗುತ್ತಿದ್ದಳು ಎಂದುಕೊಳ್ಳಿ. ದಿನಕ್ಕೆ 300 ರೂಪಾಯಿ ಎಂದರೂ ತಿಂಗಳಿಗೆ 6,000 ರೂಪಾಯಿ. ಅತ್ತೆ ಹಾಸಿಗೆ ಹಿಡಿದ ದಿನದಿಂದ ಆ ಆರು ಸಾವಿರ ನಿಂತಿತು. ಹಾಗಾದರೆ ಆರೈಕೆಯ ಸಂಬಳವನ್ನು ಕೊಡುತ್ತಿರುವವಳು ಸೊಸೆಯೇ, ತನ್ನ ಕೂಲಿ ಬಿಟ್ಟು. ಅದಕ್ಕೆ ಮನೆಯಲ್ಲಿ ಒಬ್ಬರೂ "ಕೊಟ್ಟಳು" ಎನ್ನುವುದಿಲ್ಲ, ಅಷ್ಟೇ.

ಸೊಸೆ ಗುಳೆ ಹೋದ ಮನೆಯಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ. ಏಳನೆಯೋ ಎಂಟನೆಯೋ ತರಗತಿಯ ಮೊಮ್ಮಗಳನ್ನು ಶಾಲೆ ಬಿಡಿಸಿ ಅಜ್ಜಿಯ ಹತ್ತಿರ ಕೂರಿಸುತ್ತಾರೆ. "ಸ್ವಲ್ಪ ದಿನ" ಎಂದು ಶುರುವಾದದ್ದು ಎರಡು ವರ್ಷವಾಗುತ್ತದೆ. ಅಷ್ಟರಲ್ಲಿ ಆ ಹುಡುಗಿಗೆ ಮದುವೆಯ ಮಾತು. ಮುದುಕರ ಆರೈಕೆಯ ಬೆಲೆಯನ್ನು ಆ ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು ಕೊಟ್ಟಳು. ನಮ್ಮ ಕಾರ್ಯಕರ್ತೆಯರು ಶಾಲೆ ಬಿಟ್ಟ ಹೆಣ್ಣುಮಕ್ಕಳ ಮನೆಗೆ ಹೋದಾಗ "ಮನ್ಯಾಗ ಹಾಸಿಗಿ ಹಿಡದವ್ರು ಅದಾರೇನು?" ಎಂದು ತಪ್ಪದೆ ಕೇಳುತ್ತಾರೆ. ನೀವೂ ಕೇಳಿ.

ರಾಯಚೂರು ನಗರದಲ್ಲಿ ಕಷ್ಟದ ರೂಪ ಬೇರೆ. ಅಲ್ಲಿ ನಿವೃತ್ತ ಮಾಸ್ತರರು, ಶಕ್ತಿನಗರದ ವಿದ್ಯುತ್ ಕೇಂದ್ರದಿಂದ ನಿವೃತ್ತರಾದವರು ಇದ್ದಾರೆ. ಮಕ್ಕಳು ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತಾರೆ, ಪಿಂಚಣಿ ಬರುತ್ತದೆ, ಹಣದ ತೊಂದರೆ ಅಷ್ಟಿಲ್ಲ. ಆದರೆ ನಂಬಿಕೆಯ ಜನ ಸಿಗುವುದಿಲ್ಲ. ಹಳ್ಳಿಯಲ್ಲಿ ಜನ ಇದ್ದಾರೆ, ಹಣವಿಲ್ಲ. ನಗರದಲ್ಲಿ ಹಣವಿದೆ, ಜನ ಇಲ್ಲ. ಇವೆರಡನ್ನೂ ಜೋಡಿಸುವುದು ಸಂಘಗಳಿಂದ ಆಗುವ ಕೆಲಸ ಎಂದು ನಮಗೆ ಅನ್ನಿಸುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಒಡಹುಟ್ಟಿದವರ ಸಭೆ

ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ, ಎಲ್ಲ ಮಕ್ಕಳೂ ಊರಿಗೆ ಬಂದಿರುವಾಗಲೇ ಕುಳಿತು ಮಾತಾಡಬೇಕು. ಅವರು ಬಸ್ಸು ಹತ್ತಿದ ಮೇಲೆ ಫೋನಿನಲ್ಲಿ ಈ ಮಾತು ಬಗೆಹರಿಯುವುದಿಲ್ಲ. ಹಿರಿಯರೊಬ್ಬರನ್ನೋ, ಸಂಘದ ಪ್ರತಿನಿಧಿಯನ್ನೋ, ಧರ್ಮಕೇಂದ್ರದ ಗುರುಗಳನ್ನೋ ಜೊತೆಗೆ ಕೂರಿಸಿಕೊಳ್ಳಿ. ಹಾಸಿಗೆಯಲ್ಲಿರುವ ತಾಯಿಗೆ ಮಾತು ತಿಳಿಯುತ್ತಿದ್ದರೆ ಆಕೆಯ ಎದುರಿಗೇ ಮಾತಾಡಿ. "ನಿನಗ ಎಲ್ಲಿ ಇರಬೇಕಂತ ಐತಿ?" ಎಂದು ಆಕೆಯನ್ನೇ ಮೊದಲು ಕೇಳಿ. ತಿಂಗಳಿಗೊಬ್ಬ ಮಗನ ಮನೆ ಎಂದು ಪಾಳಿ ಹಚ್ಚಿ ಮುದುಕಿಯನ್ನು ಗಂಟಿನಂತೆ ಹೊತ್ತು ತಿರುಗಿಸುವುದು ನಮಗೆ ಸರಿ ಕಾಣುವುದಿಲ್ಲ. ಲಕ್ವ ಹೊಡೆದವರಿಗೆ ಜಾಗ ಬದಲಾದರೆ ಬಚ್ಚಲಿನ ದಾರಿಯೂ ಗೊತ್ತಾಗುವುದಿಲ್ಲ.

ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಿಳಿಯಲಿ ಎಂದು ಒಂದು ಉದಾಹರಣೆ ಕೊಡುತ್ತೇವೆ. ನಿಮ್ಮ ಊರಿನ ದರ ಬೇರೆ ಇರಬಹುದು, ಆ ಅಂಕಿ ಹಾಕಿಕೊಳ್ಳಿ.

ಎಪ್ಪತ್ತಾರು ವರ್ಷದ ತಾಯಿ, ಬಲಗೈ ಬಲಗಾಲು ಬಿದ್ದಿವೆ. ಮೂವರು ಗಂಡುಮಕ್ಕಳು, ಒಬ್ಬ ಮಗಳು. ಕಿರಿಯವ ಊರಲ್ಲಿದ್ದಾನೆ, ಇಬ್ಬರು ಹೊರಗೆ ದುಡಿಯುತ್ತಾರೆ, ಮಗಳನ್ನು ಮಾನ್ವಿಗೆ ಕೊಟ್ಟಿದೆ. ಅದೇ ಓಣಿಯ ಒಬ್ಬ ಹೆಣ್ಣುಮಗಳು ಮುಂಜಾನೆ ಎರಡು ತಾಸು, ಸಂಜೆ ಒಂದೂವರೆ ತಾಸು ಬಂದು ಮೈ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸಿ ಹೋಗುತ್ತಾಳೆ: 3,000 ರೂಪಾಯಿ. ರಾತ್ರಿಗೆ ಒಂದು ಡೈಪರ್, 35ರಂತೆ 1,050. ಮಾತ್ರೆಗೆ 400. ಹಾಲು, ತತ್ತಿ, ಹಣ್ಣಿಗೆ 900. ಸೋಪು, ಫಿನಾಯಿಲ್, ಆಸ್ಪತ್ರೆಗೆ ಆಟೋ ಎಂದು 650. ಒಟ್ಟು 6,000. ತಾಯಿಯ ಮಾಸಾಶನ 1,200 ಕಳೆದರೆ ಉಳಿದದ್ದು 4,800.

ಇದನ್ನು ನಾಲ್ಕು ಪಾಲು ಮಾಡಿ "ತಲಾ 1,200" ಎಂದರೆ ನ್ಯಾಯವಾಗುವುದಿಲ್ಲ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವವರು ಕಿರಿಯವ ಮತ್ತು ಅವನ ಹೆಂಡತಿ. ಅವರ ಪಾಲು ಅಲ್ಲೇ ಸಂದಾಯವಾಯಿತು, ಅವರ ಕಡೆಯಿಂದ ಹಣ ಕೇಳಬಾರದು. ಮಗಳು ತಿಂಗಳಿಗೆ ನಾಲ್ಕು ದಿನ ಬಂದು ಉಳಿದು, ಮೇಲೆ 800 ಕೊಡುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ತವರಿಗೆ ಬಂದು ಹೋಗುವುದು ಸುಲಭವಾಗಿದೆ. ಹೊರಗಿರುವ ಇಬ್ಬರು ತಲಾ 2,000. ಲೆಕ್ಕ ಕೂಡಿತು. ಎರಡು ಸಾವಿರ ಹೆಚ್ಚಾಯಿತು ಎನ್ನುವ ಅಣ್ಣ ಒಂದು ವಾರ ರಜೆ ಹಾಕಿ ಬಂದು ರಾತ್ರಿಪಾಳಿ ಮಾಡಿ ನೋಡಲಿ. ಸಾಮಾನ್ಯವಾಗಿ ಅದಾದ ಮೇಲೆ ತಕರಾರು ಇರುವುದಿಲ್ಲ.

ಹಣವನ್ನು ಪ್ರತಿ ತಿಂಗಳು ಐದನೇ ತಾರೀಕಿನ ಒಳಗೆ ಒಂದೇ ಖಾತೆಗೆ ಹಾಕಬೇಕು, ಖರ್ಚನ್ನು ಒಬ್ಬರೇ ಬರೆಯಬೇಕು. ಬರೆಯುವವರು ಊರಲ್ಲಿರುವ ಸೊಸೆಯಾದರೆ ಒಳ್ಳೆಯದು. ಸಂಘದ ಲೆಕ್ಕ ಬರೆದು ಆಕೆಗೆ ರೂಢಿಯಿರುತ್ತದೆ.

ತಾಯಿಗೆ ಬರಬೇಕಾದದ್ದು ಬರುತ್ತಿದೆಯೇ?

ಬಡ ಕುಟುಂಬದ 65 ವರ್ಷ ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. 2007ರಲ್ಲಿ ಶುರುವಾದಾಗ ಕೆಲವೇ ನೂರು ರೂಪಾಯಿ ಇತ್ತು, 2021ರಲ್ಲಿ ಅದನ್ನು 1,000ದಿಂದ 1,200ಕ್ಕೆ ಏರಿಸಿದರು. 60 ದಾಟಿದವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಇದೆ. ವಿಧವಾ ವೇತನ, ಅಂಗವಿಕಲ ವೇತನ, ವೃದ್ಧಾಪ್ಯ ವೇತನ ಇವುಗಳಲ್ಲಿ ಒಬ್ಬರಿಗೆ ಒಂದೇ. ಅರ್ಜಿ ಕೊಡಬೇಕಾದದ್ದು ನಾಡ ಕಚೇರಿಯಲ್ಲಿ. ಆಧಾರ್, ರೇಷನ್ ಕಾರ್ಡ್, ವಯಸ್ಸಿನ ದಾಖಲೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ ಬೇಕು. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ.

ಮಂಜೂರಾದ ಮಾಸಾಶನ ನಡುವೆ ನಿಲ್ಲುವುದೇ ದೊಡ್ಡ ತಲೆನೋವು. ಆಧಾರ್‌ನಲ್ಲಿ ಹೆಸರು ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ. ಎಷ್ಟೋ ದಿನ ತೆಗೆಯದೆ ಬಿಟ್ಟ ಖಾತೆ ನಿಂತುಹೋಗಿರುತ್ತದೆ. ಹಾಸಿಗೆ ಹಿಡಿದವರು ಕಚೇರಿಗೆ ಬರಲಾಗುವುದಿಲ್ಲ ಎಂದು ಗ್ರಾಮ ಆಡಳಿತ ಅಧಿಕಾರಿಗೆ ಬರಹದಲ್ಲಿ ಕೊಟ್ಟು ಮನೆಗೇ ಬಂದು ನೋಡಲು ಕೇಳಿ. ಅಂಚೆಯವರಿಗೆ ಮನೆ ಬಾಗಿಲಲ್ಲೇ ಹಣ ಕೊಡುವ ವ್ಯವಸ್ಥೆ ಇದೆ. 70 ದಾಟಿದವರಿಗೆ, ಅಂಗವಿಕಲರಿಗೆ ಮನೆಗೆ ಬಂದು ಸೇವೆ ಕೊಡುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳದವರಿಗೆ ಯಾರೂ ತಾವಾಗಿ ಬಂದು ಕೊಡುವುದಿಲ್ಲ.

ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆಯೇ ಆಗಿದ್ದರೆ ಗೃಹಲಕ್ಷ್ಮಿಯ 2,000 ಆಕೆಯ ಖಾತೆಗೆ ಬರುತ್ತದೆ. ಅದು ಆಕೆಯ ಹಣ. ಆಕೆಯ ಹಾಲಿಗೆ, ಔಷಧಿಗೆ ಮೊದಲು ಖರ್ಚಾಗಬೇಕು. ಆದರೆ ಕಂತು ಒಮ್ಮೊಮ್ಮೆ ತಡವಾಗುತ್ತದೆ. ಅದನ್ನೇ ನಂಬಿ ಯಾರಿಗೂ ತಿಂಗಳ ಸಂಬಳ ಒಪ್ಪಿಕೊಳ್ಳಬೇಡಿ.

ಲಕ್ವ ಹೊಡೆದು ಕೈಕಾಲು ಬಿದ್ದಿದ್ದರೆ ಅದು ಅಂಗವಿಕಲತೆಯೂ ಹೌದು. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡು, ಗಾಲಿಕುರ್ಚಿ, ವಾಕರ್ ಬಗ್ಗೆ ಅವರನ್ನು ಕೇಳಿ. ಬಡ ಹಿರಿಯರಿಗೆ ಇಂಥ ಸಲಕರಣೆಗಳನ್ನು ಉಚಿತವಾಗಿ ಕೊಡಲು ಕೇಂದ್ರದ ವಯೋಶ್ರೀ ಯೋಜನೆ 2017ರಲ್ಲಿ ಬಂತು. ಶಿಬಿರ ನಡೆಸಿ ಅಳತೆ ತೆಗೆದುಕೊಂಡು ಹಂಚುತ್ತಾರೆ. ಮಾಜಿ ದೇವದಾಸಿ ತಾಯಂದಿರಿಗೆ ಪ್ರತ್ಯೇಕ ಮಾಸಾಶನವಿದೆ. ನಮ್ಮ ಜಿಲ್ಲೆಯಲ್ಲಿ ಇವರಲ್ಲಿ ಎಷ್ಟೋ ಮಂದಿ ಈಗ ವಯಸ್ಸಾದವರು, "ಒಡಹುಟ್ಟಿದವರ ಸಭೆ" ಎಂದು ನಾವು ಮೇಲೆ ಬರೆದದ್ದು ಅವರಲ್ಲಿ ಹಲವರಿಗೆ ಒಪ್ಪುವುದಿಲ್ಲ. ಅವರಿಗೆ ಸಂಘವೇ ಒಡಹುಟ್ಟು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ನೋಡಿಕೊಳ್ಳುವವರ ಸಂಬಳವನ್ನು ಅದು ಕೊಡುವುದಿಲ್ಲ. ಈ ಎರಡನ್ನು ಬೆರೆಸಿ "ಕಾರ್ಡ್ ಐತಲ್ಲ" ಎಂದು ನಿಶ್ಚಿಂತರಾದ ಮನೆಗಳನ್ನು ನೋಡಿದ್ದೇವೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ತಪಾಸಣೆ ಮಾಡಬೇಕು. ಆಶಾ ಕಾರ್ಯಕರ್ತೆಗೆ ನಿಮ್ಮ ಮನೆಯ ಹೆಸರು ಹೇಳಿಡಿ.

ಸಾಲದ ಬಗ್ಗೆ ಒಂದು ಮಾತು. ಆರೈಕೆಯ ಖರ್ಚು ತಿಂಗಳು ತಿಂಗಳೂ ಬರುವಂಥದ್ದು. ಅದಕ್ಕೆ ಮೈಕ್ರೋ ಫೈನಾನ್ಸ್ ಸಾಲ ತೆಗೆಯಬೇಡಿ. ಕಿರುಕುಳದ ವಸೂಲಿ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ ನಿಜ, ಆದರೆ ಸಾಲ ಸಾಲವೇ. ವಾರದ ಕಂತು ಕಟ್ಟಲು ಅತ್ತೆಯ ಹಾಲು ನಿಲ್ಲಿಸಿದ ಮನೆ ನಮಗೆ ಗೊತ್ತು.

ಹೊಲ ಬರೆದು ಕೊಡುವ ಮೊದಲು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಕಡೆಗೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಕಡೆಗೆ ಬಂದ ಮೇಲೆ ಹೊಲಕ್ಕೆ ಬೆಲೆ ಬಂದಿದೆ. "ನಾ ನಿನ್ನ ಸಾಯೋತನಕ ನೋಡ್ಕೊಂತೀನಿ, ಹೊಲ ನನ್ನ ಹೆಸರಿಗಿ ಮಾಡು" ಎಂಬ ಮಾತೂ ಬಂದಿದೆ. ಕೆಲವರು ನೋಡಿಕೊಳ್ಳುತ್ತಾರೆ. ಕೆಲವರು ಉಪ ನೋಂದಣಿ ಕಚೇರಿಯಿಂದ ಹೊರಗೆ ಬಂದ ದಿನವೇ ಬದಲಾಗುತ್ತಾರೆ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತು ಎಂಬುದಕ್ಕೆ ಆಧಾರ ಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಈ ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕು ಎಂದು 2025ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ ಹೇಳಿತು. ಆದ್ದರಿಂದ ಬಾಯಿಮಾತು ಬೇಡ. ದಾನಪತ್ರ ಮಾಡುವುದೇ ಆದರೆ "ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು" ಎಂಬ ಸಾಲು ಪತ್ರದಲ್ಲೇ ಇರಲಿ. ಇನ್ನೂ ಒಳ್ಳೆಯದು, ಬದುಕಿರುವ ತನಕ ಹೊಲ ತಮ್ಮ ಹೆಸರಿನಲ್ಲೇ ಇರಲಿ, ಲಾವಣಿಯ ಹಣ ಆರೈಕೆಗೆ ಬರಲಿ.

ಮಕ್ಕಳು ಕೈಬಿಟ್ಟರೆ ಇದೇ ಕಾಯ್ದೆಯಡಿ ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ಮಗ, ಮಗಳು ಇಬ್ಬರಿಗೂ ಹೊಣೆ ಇದೆ. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಆದೇಶಿಸಬಹುದು. ವಕೀಲರನ್ನು ಇಡಬೇಕಿಲ್ಲ, ಬರೆಯಲು ಬಾರದವರ ಪರವಾಗಿ ಸಂಸ್ಥೆಯೂ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567. ಆದರೆ ಅರ್ಜಿ ಹಾಕಿದ ಮೇಲೆ ಆ ತಾಯಿ ಮಲಗುವುದು ಅದೇ ಮನೆಯಲ್ಲಿ, ಅದೇ ಸೊಸೆಯ ಕೈಯಿಂದ ಉಣ್ಣುವುದು. ಅದಕ್ಕೆ ನಾವು ಮೊದಲು ಮಾತುಕತೆಗೆ ಎರಡು ಸಲ ಹೋಗುತ್ತೇವೆ, ಆಮೇಲೆ ಕಾಗದ.

ಜನ ಎಲ್ಲಿ ಸಿಗುತ್ತಾರೆ?

"ಹೋಮ್ ನರ್ಸ್" ಎಂದು ಕರೆಸಿಕೊಳ್ಳುವವರೆಲ್ಲ ನರ್ಸ್ ಅಲ್ಲ. ನರ್ಸ್ ಎಂದರೆ ಜಿಎನ್ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಮೂತ್ರದ ನಳಿಕೆ ಬದಲಿಸುವುದು, ಮೂಗಿನ ನಳಿಕೆ ಹಾಕುವುದು, ಇಂಜೆಕ್ಷನ್ ಕೊಡುವುದು, ಆಳದ ಗಾಯ ಕಟ್ಟುವುದು ಅವರ ಕೆಲಸ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ನಡೆಸುವುದು ಇವಕ್ಕೆ ಕಲಿಸಿದ ಆರೈಕೆದಾರರು ಸಾಕು. ಹೆಚ್ಚಿನ ಮನೆಗಳಿಗೆ ಬೇಕಾದದ್ದು ದಿನಾಲೂ ಬರುವ ಆರೈಕೆದಾರರು. ನರ್ಸ್ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಬಂದರೆ ನಡೆಯುತ್ತದೆ. ಇದನ್ನು ಬೇರ್ಪಡಿಸಿ ನೋಡಿದರೆ ಅರ್ಧ ಖರ್ಚು ಇಳಿಯುತ್ತದೆ.

ನಗರದಲ್ಲಿ ಗೋಡೆ ಮೇಲಿನ ಚೀಟಿ ನೋಡಿ ಫೋನು ಮಾಡುವವರಿದ್ದಾರೆ. ಒಂದು ಮನೆಯವರು ಹೀಗೆಯೇ ಒಂದು ಏಜೆನ್ಸಿಗೆ ಮುಂಗಡ ಕಳಿಸಿದರು. ಬಂದ ಹುಡುಗಿ ಮೂರನೇ ದಿನ ಊರಿಗೆ ಹೋದಳು, ಫೋನು ಬಂದ್, ಹಣ ಹೋಯಿತು. ಅವಳಿಗೂ ಏಜೆನ್ಸಿ ಪೂರಾ ಸಂಬಳ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಏಜೆನ್ಸಿಯಿಂದ ತರಿಸುವುದಾದರೆ ಕೇಳಬೇಕಾದ ಪ್ರಶ್ನೆಗಳು: ನಾವು ಕೊಡುವುದರಲ್ಲಿ ಕೆಲಸದವರ ಕೈಗೆ ಎಷ್ಟು? ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಬೇರೆಯವರು? ರಶೀದಿ ಕೊಡುತ್ತೀರಾ? ಆಧಾರ್ ಪ್ರತಿ ಇಟ್ಟುಕೊಳ್ಳಿ, ಪೊಲೀಸ್ ಠಾಣೆಯಲ್ಲಿ ಪರಿಶೀಲನೆ ಮಾಡಿಸಿ. ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೊಡಬೇಡಿ.

ನಮ್ಮ ಅನುಭವದಲ್ಲಿ ಗಟ್ಟಿಯಾಗಿ ನಿಲ್ಲುವವರು ಹತ್ತಿರದವರು, ಅದೇ ಓಣಿ, ಅದೇ ವಾರ್ಡಿನವರು. ನಿಮ್ಮ ಸಂಘದಲ್ಲೇ ನೋಡಿ. ಅತ್ತೆಯನ್ನೋ ತಾಯಿಯನ್ನೋ ವರ್ಷಗಟ್ಟಲೆ ನೋಡಿಕೊಂಡ ಅಕ್ಕ ಒಬ್ಬಳಾದರೂ ಇರುತ್ತಾಳೆ. ಬಿಸಿಲಲ್ಲಿ ಹತ್ತಿ ಬಿಡಿಸುವುದು ಇನ್ನು ಆಗದು ಎನ್ನುವ ನಲವತ್ತೈದು, ಐವತ್ತರ ಪ್ರಾಯ. ಆಕೆಗೆ ಕೆಲಸ ಬೇಕು, ಆ ಮನೆಗೆ ಆಕೆ ಬೇಕು. ಒಕ್ಕೂಟದ ಮಟ್ಟದಲ್ಲಿ ಇಂಥವರ ಒಂದು ಪಟ್ಟಿ ಇದ್ದರೆ ಮನೆಯವರು ಗೋಡೆಯ ಚೀಟಿ ಹುಡುಕಬೇಕಿಲ್ಲ. ಗಂಡಸರನ್ನು ನೋಡಿಕೊಳ್ಳಲು ಗಂಡಸರೇ ಬೇಕಾಗುತ್ತಾರೆ, ಹೆಣ್ಣುಮಗಳನ್ನು ಒಬ್ಬಂಟಿ ಗಂಡಸಿನ ಮನೆಗೆ ಕಳಿಸುವ ಮೊದಲು ಹತ್ತು ಸಲ ಯೋಚಿಸಿ.

ಆದಿಸಭೆಯಲ್ಲಿಯೂ ಇಂಥದೇ ತಕರಾರು ಬಂದಿತ್ತು. ದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಾಟವೆದ್ದಾಗ, ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿದೆ. "ಎಲ್ಲರೂ ನೋಡ್ಕೊಳ್ರಿ" ಎಂದು ಬಿಡಲಿಲ್ಲ, ಹೆಸರು ಹಿಡಿದು ಹೊಣೆ ಕೊಟ್ಟರು.

ಸಂಬಳ, ರಜೆ, ಚಹಾದ ಲೋಟ

ಮನೆಗೆಲಸದವರಿಗೆ ಕನಿಷ್ಠ ವೇತನ ಮೊದಲು ನಿಗದಿ ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು, ಅದು 2004ರಲ್ಲಿ. ದರ ಆಗಾಗ ಬದಲಾಗುತ್ತದೆ, ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಈಗಿನದನ್ನು ಕೇಳಿ. ಒಪ್ಪಂದ ಒಂದು ಹಾಳೆಯಲ್ಲಿ ಸಾಕು: ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಏನೇನು ಕೆಲಸ, ಸಂಬಳ ಎಷ್ಟು, ಯಾವ ದಿನ, ವಾರದ ರಜೆ ಯಾವುದು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ಅಜ್ಜಿಯನ್ನು ನೋಡಲು ಬಂದವಳಿಗೆ ಮನೆಮಂದಿಯ ಬಟ್ಟೆ, ಪಾತ್ರೆ, ಎಮ್ಮೆಯ ಸಗಣಿ ಒಂದೊಂದಾಗಿ ಹಚ್ಚಬೇಡಿ. ಹಚ್ಚುವುದಾದರೆ ಬೇರೆ ಹಣ. ಆಕೆಯ ಹೆಸರನ್ನು ಇ-ಶ್ರಮ್‌ನಲ್ಲಿ ಬರೆಸಲು ಸಂಘ ನೆರವಾಗಲಿ.

ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಸಿಟ್ಟು ಬಂದರೂ ಸರಿ. ತಾಯಿಯ ಮಲಮೂತ್ರ ಬಳಿದು, ಮೈ ತೊಳೆದು, ತಲೆ ಬಾಚುವ ಹೆಣ್ಣುಮಗಳಿಗೆ ಹಿತ್ತಲಲ್ಲಿ ಬೇರೆ ಲೋಟ ಇಡುವ ಮನೆಗಳು ನಮ್ಮ ಕಡೆ ಇವೆ. ಆಕೆಯ ಕೈ ತಾಯಿಯ ಮೈಗೆ ಆಗುತ್ತದೆ, ಅಡುಗೆಮನೆಯ ಲೋಟಕ್ಕೆ ಆಗುವುದಿಲ್ಲ! ಇಂಥ ಮನೆಗೆ ಸಂಘದಿಂದ ಯಾರನ್ನೂ ಕಳಿಸಬಾರದು ಎಂದು ನಾವು ಕಾರ್ಯಕರ್ತೆಯರಿಗೆ ಹೇಳಿದ್ದೇವೆ. ಕ್ರೈಸ್ತರ ಮನೆಯಾದರೂ ಇದೇ ನಿಯಮ.

ಕಲಿತು ಮಾಡಬೇಕಾದ ಕೆಲಸ

ಆಸ್ಪತ್ರೆಯಿಂದ ಬಿಡುವ ಮೊದಲೇ ವಾರ್ಡಿನ ಸಿಸ್ಟರ್ ಹತ್ತಿರ ನಿಂತು ನೋಡಿ, ಅವರ ಎದುರಿಗೆ ಒಂದು ಸಲ ನೀವೇ ಮಾಡಿ ತೋರಿಸಿ. ಎಲ್ಲಕ್ಕಿಂತ ಮುಖ್ಯ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನ ಕೆಳಗಿನ ಎಲುಬು, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ ಇಲ್ಲೇ ಹಾಸಿಗೆ ಹುಣ್ಣು ಶುರುವಾಗುವುದು. ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹುಣ್ಣಿನ ಮೊದಲ ಗುರುತು. ಆ ಜಾಗ ಉಜ್ಜಬೇಡಿ, ಭಾರ ಬೀಳದಂತೆ ಮಲಗಿಸಿ. ಬೂದಿ, ಸುಣ್ಣ ಹಚ್ಚಬೇಡಿ. ಬರಿಯ ಹೊರಸಿನ ಮೇಲೆ ಮಲಗಿಸಬೇಡಿ. ಗಾಳಿಹಾಸಿಗೆ ಕೊಳ್ಳಲಾಗದಿದ್ದರೆ ಸುಕ್ಕಿಲ್ಲದಂತೆ ಎರಡು-ಮೂರು ಕೌದಿ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ.

ಮಲಗಿಸಿ ಉಣ್ಣಿಸಬೇಡಿ. ಎಬ್ಬಿಸಿ ಕೂರಿಸಿ, ಗೋಣು ಸ್ವಲ್ಪ ಮುಂದೆ ಬಾಗಿಸಿ, ಸಣ್ಣ ತುತ್ತು, ಮೆತ್ತಗಿನ ನುಚ್ಚು ಅಥವಾ ಹಾಲಲ್ಲಿ ನೆನೆದ ರೊಟ್ಟಿ. ಉಂಡ ಮೇಲೆ ಅರ್ಧ ತಾಸು ಕೂತಿರಲಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ, ಅನ್ನ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಅದು. ಬಿದ್ದ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಕಳಚುತ್ತದೆ. ಮೂತ್ರದ ಚೀಲ ಯಾವಾಗಲೂ ಹಾಸಿಗೆಯ ಮಟ್ಟಕ್ಕಿಂತ ಕೆಳಗಿರಲಿ. ನಮ್ಮ ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ತಗಡಿನ ಮನೆಯಲ್ಲಿ ಮಲಗಿದವರಿಗೆ ಬಾಯಾರಿಕೆ ತಿಳಿಯುವುದಿಲ್ಲ, ಕೇಳದಿದ್ದರೂ ಗುಟುಕು ಗುಟುಕಾಗಿ ನೀರು, ಮಜ್ಜಿಗೆ ಕೊಡುತ್ತಿರಬೇಕು. ಮೂತ್ರ ನಿಂತರೆ, ಜ್ವರ ಬಂದರೆ, ಇದ್ದಕ್ಕಿದ್ದಂತೆ ಮಾತು ತೊದಲಿದರೆ ಅಥವಾ ಮನೆಯವರ ಗುರುತು ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನು ಮಾಡಿ.

ರಾತ್ರಿ ಪಾಳಿಯವರಿಗೂ ನಿದ್ದೆ ಬೇಕು

ನೋಡಿಕೊಳ್ಳುವವರೇ ಬಿದ್ದರೆ ಎಲ್ಲ ಲೆಕ್ಕವೂ ಕೆಡುತ್ತದೆ. ಆರು ತಿಂಗಳು ನಿದ್ದೆಗೆಟ್ಟ ಸೊಸೆ ಒಂದು ದಿನ ಅತ್ತೆಗೆ ಕೈ ಎತ್ತಿದಳು ಎಂದು ಊರವರೆಲ್ಲ ಬೈದರು. ಆ ಆರು ತಿಂಗಳಲ್ಲಿ ಒಂದು ರಾತ್ರಿ ಬಂದು ಕೂತವರು ಆ ಊರಲ್ಲಿ ಯಾರೂ ಇರಲಿಲ್ಲ. ಆಕೆ ಮಾಡಿದ್ದು ತಪ್ಪು. ನಾವು ಆಕೆಯ ಜೊತೆ ಕೂತು ಅತ್ತಿದ್ದೂ ನಿಜ.

1839ರ ಚಳಿಗಾಲದಲ್ಲಿ ಫ್ರಾನ್ಸ್ ದೇಶದ ಜಾನ್ ಜುಗಾನ್ ಎಂಬ ಬಡ ಹೆಣ್ಣುಮಗಳು ಕಣ್ಣು ಕಾಣದ, ಮೈ ಬಿದ್ದ ಮುದುಕಿಯೊಬ್ಬಳನ್ನು ಮನೆಗೆ ತಂದು ತನ್ನ ಹಾಸಿಗೆಯಲ್ಲೇ ಮಲಗಿಸಿದಳು. 2009ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಆಕೆಯ ಸಭೆಯ ಸಿಸ್ಟರುಗಳು ಬೆಂಗಳೂರಿನಲ್ಲಿ 1900ರಿಂದ ಹಿರಿಯರನ್ನು ನೋಡಿಕೊಳ್ಳುತ್ತಿದ್ದಾರೆ. ಪ್ರವಚನಗಳಲ್ಲಿ ಹಾಸಿಗೆ ಬಿಟ್ಟುಕೊಟ್ಟ ಕಥೆಯನ್ನಷ್ಟೇ ಹೇಳುತ್ತಾರೆ. ಆಕೆ ಒಬ್ಬಳೇ ಇರಲಿಲ್ಲ, ಜೊತೆಗಿದ್ದ ಹೆಂಗಸರು ದುಡಿದು ತಂದು ಹಾಕಿದರು, ಖರ್ಚು ಹೆಚ್ಚಾದಾಗ ಆಕೆ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಕೇಳಿದಳು ಎಂಬುದನ್ನೂ ಹೇಳಬೇಕು.

ನಮ್ಮ ಸಂಘಗಳಿಂದ ಆಗುವುದು ಇಷ್ಟು: ಓಣಿಯಲ್ಲಿ ಹಾಸಿಗೆ ಹಿಡಿದವರಿರುವ ಮನೆಗೆ ವಾರಕ್ಕೆ ಒಂದು ಮಧ್ಯಾಹ್ನ ಇಬ್ಬರು ಸದಸ್ಯೆಯರು ಹೋಗಿ ಮೂರು ತಾಸು ಕೂತರೆ, ಆ ಸೊಸೆ ಮಲಗಬಹುದು, ಸಂತೆಗೆ ಹೋಗಬಹುದು, ಸಂಘದ ಸಭೆಗೆ ಬರಬಹುದು. ಸದಸ್ಯೆಯೊಬ್ಬರು ತಿಂಗಳಿಗೆ ಹತ್ತು ರೂಪಾಯಿ ಬೇರೆ ತೆಗೆದಿಟ್ಟರೆ ಹದಿನೈದು ಜನರ ಸಂಘದಲ್ಲಿ ವರ್ಷಕ್ಕೆ 1,800 ರೂಪಾಯಿ. ಒಂದು ಗಾಲಿಕುರ್ಚಿ ದುರಸ್ತಿಗೆ, ಒಂದು ಗಾಳಿಹಾಸಿಗೆ ಕೊಳ್ಳಲು ಅದು ಆಸರೆಯಾಗುತ್ತದೆ. ಒಂದು ಮನೆಗೆ ಮುಗಿದ ಮೇಲೆ ತೊಳೆದು ಇನ್ನೊಂದು ಮನೆಗೆ.

ಸಭೆಯಲ್ಲಿ ಚರ್ಚಿಸಲು

ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದ ಹಿರಿಯರು ಎಷ್ಟು ಮಂದಿ? ಅವರಲ್ಲಿ ಮಾಸಾಶನ ನಿಂತವರು ಯಾರು?

ಅವರನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಮಕ್ಕಳು ಇದ್ದಾರೆಯೇ? ಆ ಮಗು ಮತ್ತೆ ಶಾಲೆಗೆ ಹೋಗಬೇಕಾದರೆ ಆ ಮನೆಗೆ ದಿನಕ್ಕೆ ಎಷ್ಟು ತಾಸಿನ ನೆರವು ಬೇಕು?

ಈ ಕೆಲಸ ಕಲಿತು ಮಾಡಲು ಒಪ್ಪುವ ಅಕ್ಕಂದಿರು ನಮ್ಮಲ್ಲಿ ಯಾರು? ಮುಂದಿನ ಸಭೆಗೆ ಬರುವಾಗ ಅವರ ಹೆಸರು, ಬಿಡುವಿನ ವೇಳೆ, ಕೇಳುವ ಸಂಬಳ ಬರೆದುಕೊಂಡು ಬನ್ನಿ. ನಮ್ಮ ಕಾರ್ಯಕರ್ತೆ ಆ ಪಟ್ಟಿಯನ್ನು ತೆಗೆದುಕೊಂಡು ಹೋಗುತ್ತಾರೆ.